ಪರದೆ ಕಪ್ಪಾದರೆ ಕಲಿಕೆ ನಿಲ್ಲಬೇಕೆ?



ಕಾಸರಗೋಡು ತಾಲೂಕಿನ ಒಂದು ಹಳ್ಳಿ. ಅಡಕೆ ತೋಟದ ಕೂಲಿಯಿಂದ ಬದುಕುವ ಮನೆ. ಆ ಮನೆಯ ಹುಡುಗಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದಳು. ದಾನಿಯೊಬ್ಬರು ಕೊಟ್ಟ ಹಳೆಯ ಲ್ಯಾಪ್‌ಟಾಪೊಂದು ಅವಳಿಗೆ ಸಿಕ್ಕಿತ್ತು. ಮಳೆಗಾಲದ ಒಂದು ಸಂಜೆ ಗುಂಡಿ ಒತ್ತಿದಾಗ ದೀಪ ಹತ್ತಿತು, ಒಳಗಿನ ಫ್ಯಾನು ಸದ್ದು ಮಾಡಿತು, ಆದರೆ ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ತಂದೆ ಮರುದಿನ ಕೆಲಸ ಬಿಟ್ಟು ಪೇಟೆಯ ಅಂಗಡಿಗೆ ಹೊತ್ತುಕೊಂಡು ಹೋದರು. ಅಲ್ಲಿಯವರು ಕೇಳಿದ್ದೇನು, ತಾನು ಹೇಳಿದ್ದೇನು ಎಂಬುದು ಅವರಿಗೇ ಸರಿಯಾಗಿ ತಿಳಿಯಲಿಲ್ಲ. ತಿಳಿದದ್ದು ಎರಡೇ ಮಾತು: "ಬೋರ್ಡು ಹೋಗಿದೆ", "ಆರು ಸಾವಿರ ಆದೀತು". ಯಂತ್ರ ಮನೆಗೆ ಮರಳಿ ಬಂದು ಕಪಾಟಿನ ಮೇಲೆ ಕುಳಿತಿತು.

ನಾಲ್ಕು ತಿಂಗಳ ಬಳಿಕ ನೆರೆಮನೆಯ ಹುಡುಗನೊಬ್ಬ ರಜೆಯಲ್ಲಿ ಬಂದವನು ಅದನ್ನು ಇಳಿಸಿ ನೋಡಿದ. ಚಾರ್ಜರಿನ ತಂತಿ ಕಿತ್ತ, ಬ್ಯಾಟರಿ ಹೊರತೆಗೆದ, ಚಾಲೂ ಮಾಡುವ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದ. ಮತ್ತೆ ಚಾರ್ಜರ್ ಸಿಕ್ಕಿಸಿ ಗುಂಡಿ ಒತ್ತಿದಾಗ ಪರದೆ ಬೆಳಗಿತು. ಖರ್ಚು ಒಂದು ಕಾಸೂ ಇಲ್ಲ. ಆದರೆ ಕಳೆದುಹೋದ ನಾಲ್ಕು ತಿಂಗಳನ್ನು ಕೊಡುವವರು ಯಾರು? ಕೇರಳದಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳು ಐಟಿ ಪರೀಕ್ಷೆಯನ್ನು ಕಂಪ್ಯೂಟರಿನ ಮುಂದೆಯೇ ಕುಳಿತು ಬರೆಯಬೇಕು. ಮನೆಯಲ್ಲಿ ಯಂತ್ರವಿದ್ದೂ ಅಭ್ಯಾಸವಿಲ್ಲದೆ ಆ ಹುಡುಗಿ ಪರೀಕ್ಷೆಗೆ ಹೋದಳು.

ಈ ಘಟನೆ ನನ್ನ ಮನಸ್ಸಿನಿಂದ ಮರೆಯಾಗುತ್ತಿಲ್ಲ. ಇಲ್ಲಿ ಕೆಟ್ಟದ್ದು ಯಂತ್ರವಲ್ಲ. ಆ ಮನೆಯಲ್ಲಿ ಇಲ್ಲದಿದ್ದುದು ಎರಡು: ಮೊದಲ ಪರೀಕ್ಷೆ ಹೇಗೆ ಮಾಡಬೇಕೆಂಬ ತಿಳಿವಳಿಕೆ, ಮತ್ತು ಆ ತಿಳಿವಳಿಕೆಯನ್ನು ನಮ್ಮ ಭಾಷೆಯಲ್ಲಿ ಹೇಳುವ ಒಂದು ಹಾಳೆ. ಈ ಎರಡರ ಬಗ್ಗೆಯೂ ನಿಮ್ಮೊಡನೆ ಮಾತಾಡುವುದಕ್ಕಾಗಿ ಈ ಬರಹ.

ಯಂತ್ರ ಬಂತು, ಅದರ ಭಾಷೆ ಬರಲಿಲ್ಲ

ಗಡಿನಾಡಿನ ನಮ್ಮ ಶಾಲೆಗಳಿಗೆ ಯಂತ್ರಗಳು ಬಂದಿಲ್ಲವೆಂದು ದೂರುವಂತಿಲ್ಲ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ 'ಕೈಟ್' ಸಂಸ್ಥೆಯಾಗಿ ಬೆಳೆಯಿತು. 2018ರಿಂದ ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. ತಮಿಳುನಾಡಿನಲ್ಲಿ 2011ರಲ್ಲಿ ಆರಂಭವಾದ ಉಚಿತ ಲ್ಯಾಪ್‌ಟಾಪ್ ಯೋಜನೆ ಹಲವು ವರ್ಷ ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ಕೈಗೆ ಯಂತ್ರ ಕೊಟ್ಟಿತು. 2020ರ ಕೋವಿಡ್ ಕಾಲದಲ್ಲಿ ದಾನಿಗಳೂ ಹಳೆ ವಿದ್ಯಾರ್ಥಿ ಸಂಘಗಳೂ ಕೈಲಾದಷ್ಟು ಕೊಟ್ಟರು. ಇವೆಲ್ಲಕ್ಕೂ ನಾವು ಕೃತಜ್ಞರು.

ಆದರೆ ಯಂತ್ರ ನಿಂತುಹೋದಾಗ ಏನಾಗುತ್ತದೆಂಬುದನ್ನು ಯೋಚಿಸಿ. ಲ್ಯಾಪ್‌ಟಾಪ್ ಚಾಲೂ ಆದಮೇಲೆ ಅದರಲ್ಲಿ ಕನ್ನಡ ಕಾಣುವಂತೆ ಮಾಡಬಹುದು. ಲಿನಕ್ಸಿನಲ್ಲೂ ವಿಂಡೋಸಿನಲ್ಲೂ ಆ ಸೌಕರ್ಯವಿದೆ. ಚಾಲೂ ಆಗುವ ಮೊದಲು ಯಂತ್ರ ಆಡುವ ಮಾತು ಮಾತ್ರ ಹೆಚ್ಚುಕಡಿಮೆ ಇಂಗ್ಲಿಷೇ. ಅದು ಎಲ್ಲ ಮಕ್ಕಳಿಗೂ ಒಂದೇ. ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. ಮಲಯಾಳ ಮಾಧ್ಯಮದ ಮಗುವಿಗೆ ಆ ಇಂಗ್ಲಿಷ್ ಮಾತನ್ನು ಮಲಯಾಳದಲ್ಲಿ ಬಿಡಿಸಿ ಹೇಳುವವರು ಪೇಟೆಯಲ್ಲೂ ತರಬೇತಿಯಲ್ಲೂ ಸಿಗುತ್ತಾರೆ. ಹೊಸೂರಿನಲ್ಲಿ, ತಾಳವಾಡಿಯಲ್ಲಿ ತಮಿಳು ಮಗುವಿಗೂ, ಸೊಲ್ಲಾಪುರದಲ್ಲಿ, ಜತ್ತಿನಲ್ಲಿ ಮರಾಠಿ ಮಗುವಿಗೂ ಹಾಗೆಯೇ. ನಮ್ಮ ಮಗು ಎರಡು ಭಾಷೆ ದಾಟಿ ಅರ್ಥಕ್ಕೆ ತಲುಪಬೇಕು. ಈ ಎರಡನೆಯ ಹೊಳೆಗೆ ಸೇತುವೆ ಕಟ್ಟುವ ಕೆಲಸ ನಮ್ಮದು. ಅದನ್ನು ಇಂದೇ, ಈ ಪುಟದಲ್ಲೇ ಆರಂಭಿಸೋಣ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಯಂತ್ರ ಚಾಲೂ ಆಗದಿದ್ದರೆ ಗಾಬರಿ ಬೇಡ. ಮಗುವನ್ನು ಗದರಬೇಡಿ. "ನೀನೇ ಹಾಳು ಮಾಡಿದ್ದು" ಎಂದರೆ ಮಗು ನಡೆದದ್ದನ್ನು ಮುಚ್ಚಿಡುತ್ತದೆ. ನಡೆದದ್ದು ತಿಳಿಯದೆ ದೋಷ ತಿಳಿಯದು. ಮೊದಲು ಒಂದು ಪ್ರಶ್ನೆ ಕೇಳಿ: ಈಗ ಕಾಣುತ್ತಿರುವುದು ಏನು? ದೀಪವೇ ಇಲ್ಲವೇ, ದೀಪವಿದ್ದು ಪರದೆ ಕಪ್ಪೇ, ಅಥವಾ ಏನೋ ಅಕ್ಷರ ಬಂದು ನಿಂತಿದೆಯೇ? ಈ ಮೂರರಲ್ಲಿ ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಒಂದು: ದೀಪವೇ ಇಲ್ಲ. ದೋಷವನ್ನು ಯಂತ್ರದ ಹೊರಗೆ ಹುಡುಕಿ. ಗೋಡೆಯ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟು ಇದೆಯೇ ನೋಡಿ. ಅಡಾಪ್ಟರಿಗೆ ಬರುವ ತಂತಿ ಸಡಿಲವಾಗಿದೆಯೇ, ಇಲಿ ಕಡಿದಿದೆಯೇ ನೋಡಿ. ಅಡಾಪ್ಟರಿನಲ್ಲಿ ಸಣ್ಣ ದೀಪವಿದ್ದರೆ ಅದು ಹತ್ತುತ್ತಿದೆಯೇ ಗಮನಿಸಿ. ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಕೆಲವು ಯಂತ್ರಗಳು ಕೂಡಲೇ ಏಳುವುದಿಲ್ಲ. ಅರ್ಧ ಗಂಟೆ ಚಾರ್ಜಿಗೆ ಹಾಕಿ ಕಾಯಿರಿ. ಅದೇ ಜಾತಿಯ ಮತ್ತೊಂದು ಚಾರ್ಜರ್ ಶಾಲೆಯಲ್ಲಿದ್ದರೆ ಹಾಕಿ ನೋಡಿ. ಆದರೆ ಚಾರ್ಜರಿನ ಮೇಲೆ ಬರೆದಿರುವ ವೋಲ್ಟ್ ಎರಡರಲ್ಲೂ ಒಂದೇ ಇರಬೇಕು. ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರಬಾರದು. ತುದಿ ಕೂಡಿತೆಂಬ ಕಾರಣಕ್ಕೆ ಯಾವುದನ್ನೋ ಸಿಕ್ಕಿಸಬಾರದು.

ಎರಡು: ದೀಪ ಇದೆ, ಪರದೆ ಕಪ್ಪು. ಮೇಲೆ ಹೇಳಿದ ಹುಡುಗ ಮಾಡಿದ್ದನ್ನೇ ಮೊದಲು ಮಾಡಿ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗಿನಿಂದ ತೆಗೆಯುವಂತಿದ್ದರೆ ಅದನ್ನೂ ತೆಗೆಯಿರಿ. ಒಳಗೇ ಕೂಡಿಸಿದ್ದರೆ ಮುಟ್ಟಬೇಡಿ. ಚಾಲೂ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಒಳಗಿನ ಬೋರ್ಡಿನಲ್ಲಿ ಉಳಿದ ವಿದ್ಯುತ್ತು ಇದರಿಂದ ಬರಿದಾಗುತ್ತದೆ. ಎಲ್ಲೋ ಸಿಕ್ಕಿಕೊಂಡ ನಿಯಂತ್ರಕ ಮೊದಲಿನಿಂದ ಕೆಲಸ ಆರಂಭಿಸುತ್ತದೆ. ಬಳಿಕ ಚಾರ್ಜರ್ ಹಾಕಿ ಗುಂಡಿ ಒತ್ತಿ.

ಆಗಲೂ ಕಪ್ಪೇ ಇದ್ದರೆ ಕತ್ತಲೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಯಂತ್ರ ಬದುಕಿದೆ, ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿದೆ ಎಂದು ಅರ್ಥ. ಶಾಲೆಯ ಪ್ರೊಜೆಕ್ಟರಿಗೆ ಅಥವಾ ಟಿವಿಗೆ ಎಚ್‌ಡಿಎಂಐ ತಂತಿಯಿಂದ ಜೋಡಿಸಿ ನೋಡುವುದು ಇನ್ನೂ ಒಳ್ಳೆಯ ಪರೀಕ್ಷೆ. ಅಲ್ಲಿ ಚಿತ್ರ ಬಂದರೆ ದೋಷ ಹೆಚ್ಚಾಗಿ ಪರದೆಯದು ಇಲ್ಲವೇ ಪರದೆಗೆ ಹೋಗುವ ತಂತಿಯದು. ಪರದೆ ಸರಿಯಾಗುವ ತನಕ ಶಾಲೆಯಲ್ಲಿ ಹಾಗೆಯೇ ಬಳಸಲೂಬಹುದು. ಚಿತ್ರವಿಲ್ಲದೆ ಬೀಪ್ ಸದ್ದು ಬರುತ್ತಿದ್ದರೆ ಅಥವಾ ಒಂದು ದೀಪ ಮತ್ತೆ ಮತ್ತೆ ಮಿನುಗುತ್ತಿದ್ದರೆ ಎಷ್ಟು ಸಲ ಎಂದು ಎಣಿಸಿ ಬರೆದಿಡಿ. ಅದು ಯಂತ್ರ ಕೊಡುವ ಸಂಕೇತ. ಕರಾವಳಿಯ ತೇವದಲ್ಲಿ ರ‍್ಯಾಮ್ ಎಂಬ ನೆನಪಿನ ಪಟ್ಟಿಯ ತುದಿಗೆ ಕಿಲುಬು ಹಿಡಿದು ಹೀಗಾಗುವುದುಂಟು. ತಿಳಿದವರು ಅದನ್ನು ಹೊರತೆಗೆದು ಒರೆಸಿ ಮರಳಿ ಕೂಡಿಸಿದರೆ ಸಾಕಾಗುತ್ತದೆ.

ಮೂರು: ಅಕ್ಷರ ಬಂದು ನಿಂತಿದೆ. ಪೆನ್‌ಡ್ರೈವ್, ಮೌಸ್, ಮೆಮೊರಿ ಕಾರ್ಡ್ ಎಲ್ಲ ಕಿತ್ತು ಮತ್ತೊಮ್ಮೆ ಚಾಲೂ ಮಾಡಿ. ಎಷ್ಟೋ ಸಲ ಮರೆತುಬಿಟ್ಟ ಪೆನ್‌ಡ್ರೈವೇ ದಾರಿ ತಪ್ಪಿಸಿರುತ್ತದೆ. ಆಗಲೂ ನಿಂತರೆ ಕಂಡ ಮಾತನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸಾಮಾನ್ಯವಾಗಿ ಕಾಣುವ ಕೆಲವು ಮಾತುಗಳ ಅರ್ಥ ಹೀಗೆ:

"ನೋ ಬೂಟೆಬಲ್ ಡಿವೈಸ್" ಅಥವಾ "ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್" ಎಂದರೆ ಯಂತ್ರ ಎದ್ದಿದೆ, ಆದರೆ ಕೆಲಸದ ತಂತ್ರಾಂಶ ಇರುವ ಡಿಸ್ಕ್ ಅದಕ್ಕೆ ಸಿಗುತ್ತಿಲ್ಲ. ಡಿಸ್ಕ್ ಸಡಿಲವಾಗಿರಬಹುದು, ಕೆಟ್ಟಿರಬಹುದು, ಅಥವಾ ಆರಂಭದ ಕ್ರಮ ಬದಲಾಗಿರಬಹುದು. ಚಾಲೂ ಮಾಡಿದೊಡನೆ ಎಫ್2 ಅಥವಾ ಡಿಲೀಟ್ ಕೀಲಿ ಒತ್ತುತ್ತಿದ್ದರೆ (ಕೆಲವು ಕಂಪೆನಿಗಳಲ್ಲಿ ಎಫ್10 ಅಥವಾ ಎಸ್ಕೇಪ್) ಬಯಾಸ್ ಎಂಬ ಪುಟ ತೆರೆಯುತ್ತದೆ. ಅಲ್ಲಿ ಡಿಸ್ಕಿನ ಹೆಸರು ಇದೆಯೇ ನೋಡಿ. ಏನನ್ನೂ ಬದಲಾಯಿಸದೆ ಹೊರಬನ್ನಿ. ಹೆಸರು ಇದ್ದರೆ ಡಿಸ್ಕ್ ಬದುಕಿರುವ ಸಾಧ್ಯತೆ ಹೆಚ್ಚು.

ದಿನಾಂಕ ಮತ್ತು ಸಮಯ ಸರಿಯಿಲ್ಲವೆಂದು ಪ್ರತಿ ಸಲ ಹೇಳಿದರೆ ಬೋರ್ಡಿನ ಮೇಲಿನ ಬಿಲ್ಲೆಯಂಥ ಚಿಕ್ಕ ಬ್ಯಾಟರಿ ಮುಗಿದಿದೆ. ಹಳೆಯ ಯಂತ್ರಗಳಲ್ಲಿ ಇದು ಸಾಮಾನ್ಯ, ಅಗ್ಗದ ವಸ್ತು. ದಿನಾಂಕ ತಪ್ಪಿದರೆ ಅಂತರಜಾಲದ ಪುಟಗಳು "ಸುರಕ್ಷಿತವಲ್ಲ" ಎಂದು ತೆರೆಯಲೊಲ್ಲವು. ಮಗು ನೆಟ್ ಇಲ್ಲವೆಂದು ತಿಳಿದು ಸುಮ್ಮನಾಗುತ್ತದೆ.

ಲಿನಕ್ಸ್ ಇರುವ ಯಂತ್ರದಲ್ಲಿ "ಇನಿಟ್‌ರಾಮ್‌ಎಫ್‌ಎಸ್" ಎಂಬ ಪದ ಬಂದು ನಿಂತರೆ ಮುಖ್ಯ ಡಿಸ್ಕನ್ನು ಓದಲಾಗುತ್ತಿಲ್ಲವೆಂದು ಅರ್ಥ. ಯಂತ್ರವನ್ನು ಸರಿಯಾಗಿ ಮುಚ್ಚದೆ ನಡುವೆ ಕರೆಂಟು ಹೋದಾಗ ಹೀಗಾಗುವುದುಂಟು. ಕಡತಗಳ ಲೆಕ್ಕವನ್ನು ಪರಿಶೀಲಿಸಿ ಸರಿಪಡಿಸುವ ಆಜ್ಞೆಯೊಂದಿದೆ. ಶಾಲೆಯ ಐಟಿ ಅಧ್ಯಾಪಕರಿಗೆ ಅದು ಗೊತ್ತಿರುತ್ತದೆ. ಹೊಸ ಆವೃತ್ತಿ ಹಾಕಿದ ಮೇಲೆ ಕೆಟ್ಟಿದ್ದರೆ ಚಾಲೂ ಆಗುವಾಗ ಎಸ್ಕೇಪ್ ಅಥವಾ ಶಿಫ್ಟ್ ಕೀಲಿಯಿಂದ 'ಗ್ರಬ್' ಪಟ್ಟಿ ತಂದು ಹಳೆಯ ಆವೃತ್ತಿಯನ್ನು ಆರಿಸಬಹುದು.

ವಿಂಡೋಸ್ ಯಂತ್ರ ಎರಡು ಮೂರು ಬಾರಿ ಸರಿಯಾಗಿ ಏಳದಿದ್ದರೆ ತಾನೇ "ಆಟೋಮ್ಯಾಟಿಕ್ ರಿಪೇರ್" ಎನ್ನುತ್ತದೆ. ಅದಕ್ಕೆ ಸಮಯ ಕೊಡಿ, ನಡುವೆ ಗುಂಡಿ ಒತ್ತಬೇಡಿ. 48 ಅಂಕಿಗಳ ಕೀಲಿಸಂಖ್ಯೆ ಕೇಳಿದರೆ ಡಿಸ್ಕಿಗೆ ಬೀಗ ಹಾಕಲಾಗಿದೆ ಎಂದು ಅರ್ಥ. ಆ ಸಂಖ್ಯೆ ಸಾಮಾನ್ಯವಾಗಿ ಯಂತ್ರವನ್ನು ಮೊದಲು ಬಳಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ದಾನವಾಗಿ ಬಂದ ಯಂತ್ರವನ್ನು ಪಡೆಯುವ ದಿನವೇ ಇದನ್ನು ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ದಾನಿಯನ್ನು ಹುಡುಕಿಕೊಂಡು ಹೋಗುವುದು ಸುಲಭವಲ್ಲ.

ಮಾಡಬಾರದ್ದು

ಬ್ಯಾಟರಿ ಉಬ್ಬಿ ಯಂತ್ರದ ತಳ ಎದ್ದಿದ್ದರೆ ಬಳಸಲೇಬೇಡಿ, ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಬೇಡಿ. ಅದು ಬೆಂಕಿಯ ಅಪಾಯ. ನೀರು, ಚಹಾ ಚೆಲ್ಲಿದರೆ ಕೂಡಲೇ ಚಾರ್ಜರ್ ಕಿತ್ತು ಯಂತ್ರ ನಿಲ್ಲಿಸಿ ಕವುಚಿಡಿ. "ನೋಡೋಣ" ಎಂದು ಮತ್ತೆ ಚಾಲೂ ಮಾಡುವುದರಿಂದಲೇ ಹೆಚ್ಚಿನ ಬೋರ್ಡುಗಳು ಸುಡುತ್ತವೆ. ಬಿಸಿಲಿಗೂ ಒಲೆಯ ಬಳಿಗೂ ಇಡಬೇಡಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಪ್ಲಗ್ಗಿನಿಂದ ಕಿತ್ತಿಡಿ. ಸ್ವಿಚ್ಚು ಆರಿಸಿದರೆ ಸಾಲದು. ಡಿಸ್ಕಿನಿಂದ ಟಕಟಕ ಸದ್ದು ಬಂದರೆ ಮತ್ತೆ ಮತ್ತೆ ಪ್ರಯತ್ನಿಸಬೇಡಿ. ಒಳಗಿನ ಬರಹ ಶಾಶ್ವತವಾಗಿ ಹೋಗುತ್ತದೆ. ವಾರಂಟಿ ಇರುವ ಯಂತ್ರದ ತಿರುಪು ಬಿಚ್ಚಬೇಡಿ. ಎಲ್ಲಕ್ಕಿಂತ ಮುಖ್ಯ: ಮಗುವಿನ ಪ್ರಾಜೆಕ್ಟ್, ಚಿತ್ರ, ಬರಹಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇರಲಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫಲವಿಲ್ಲ.

ಅಂಗಡಿಗೆ ಹೋಗಲೇಬೇಕಾದರೆ ನಾಲ್ಕು ಪ್ರಶ್ನೆ ಕೇಳಿ. ಕೆಟ್ಟ ಭಾಗ ಯಾವುದು? ಅದು ಕೆಟ್ಟಿದೆಯೆಂದು ಹೇಗೆ ತಿಳಿಯಿತು? ತೆಗೆದ ಹಳೆಯ ಭಾಗವನ್ನು ಮರಳಿ ಕೊಡುವಿರಾ? ಒಳಗಿನ ಬರಹ ಅಳಿಸಿಹೋಗುವುದೇ? ಈ ನಾಲ್ಕು ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಿದರೂ ಪ್ರಾಮಾಣಿಕ ರಿಪೇರಿಯವನು ಉತ್ತರಿಸುತ್ತಾನೆ. ಉತ್ತರ ಬಾರದಿದ್ದರೆ ಇನ್ನೊಂದು ಅಂಗಡಿ ನೋಡಿ.

ಇನ್ನು ಹಕ್ಕಿನ ಮಾತು

ಇಷ್ಟೆಲ್ಲ ತಿಳಿದರೂ ಕೆಲವು ದೋಷ ಮನೆಯಲ್ಲಿ ತೀರುವುದಿಲ್ಲ. ಶಾಲೆಯ ಯಂತ್ರವಾದರೆ ಇಲಾಖೆಗೆ ದೂರು ಕೊಡಬೇಕು. ಇಲ್ಲಿಯೇ ನಾವು ಹಿಂಜರಿಯುತ್ತೇವೆ. "ಮಲಯಾಳದಲ್ಲಿ ಬರೆಯಲು ಬರುವುದಿಲ್ಲ, ಇಂಗ್ಲಿಷಿನಲ್ಲಿ ತಪ್ಪಾದೀತು" ಎಂದು ದೂರೇ ಹೋಗುವುದಿಲ್ಲ. ದೂರು ಹೋಗದಿದ್ದರೆ ಕಚೇರಿಯ ಕಡತದಲ್ಲಿ ಆ ಯಂತ್ರ ಚೆನ್ನಾಗಿಯೇ ನಡೆಯುತ್ತಿರುತ್ತದೆ! ಕೇಳದಿದ್ದರೆ ಹೆತ್ತ ತಾಯಿಯೂ ಬಡಿಸುವುದಿಲ್ಲವೆಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಸಂವಿಧಾನದ 350ನೆಯ ವಿಧಿ ನಿಮಗೆ ಗೊತ್ತಿರಲಿ. ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆಯೆಂದು ಅದು ಹೇಳುತ್ತದೆ. ಕೆಟ್ಟ ಲ್ಯಾಪ್‌ಟಾಪ್ ಕೂಡ ಒಂದು ಕುಂದುಕೊರತೆಯೇ. ಆದ್ದರಿಂದ ಕನ್ನಡದಲ್ಲಿ ಬರೆಯಿರಿ. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಆ ವಿಧಿ ಹೇಳುವುದಿಲ್ಲ ನಿಜ. ಅದನ್ನು ನಾವು ಕೇಳಿ ಪಡೆಯಬೇಕು. 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸೇರಿದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೊಬ್ಬರಿದ್ದು, ಅವರ ವರದಿ ರಾಷ್ಟ್ರಪತಿಗಳಿಗೆ ಸಲ್ಲಿಕೆಯಾಗಿ ಸಂಸತ್ತಿನ ಮುಂದೆ ಬರಬೇಕು. 1956ರಲ್ಲಿ ಪಾಠಪುಸ್ತಕ ಮತ್ತು ಕರಿಹಲಗೆಯೇ ಸೌಲಭ್ಯವಾಗಿದ್ದವು. ಇಂದು ಪಾಠವೇ ಲ್ಯಾಪ್‌ಟಾಪಿನಲ್ಲಿರುವಾಗ ಅದನ್ನು ಬಳಸುವ, ಕಾಯುವ ತಿಳಿವಳಿಕೆ ಮಾತೃಭಾಷೆಯಲ್ಲಿ ಸಿಗುವುದೂ ಆ ಸೌಲಭ್ಯದ ಭಾಗವಲ್ಲವೇ?

ದೂರಿನಲ್ಲಿ "ಲ್ಯಾಪ್‌ಟಾಪ್ ಹಾಳಾಗಿದೆ" ಎಂದಷ್ಟೇ ಬರೆಯಬೇಡಿ. ಯಂತ್ರದ ತಳದಲ್ಲಿರುವ ಕ್ರಮಸಂಖ್ಯೆ, ಕೆಟ್ಟ ದಿನಾಂಕ, ಕಾಣುವ ಲಕ್ಷಣ, ಮಾಡಿನೋಡಿದ ಪರೀಕ್ಷೆ ಬರೆದು, ಪರದೆಯ ಫೋಟೊ ಲಗತ್ತಿಸಿ. "ದೀಪ ಇದೆ, ಪರದೆ ಕಪ್ಪು, 30 ಸೆಕೆಂಡು ಗುಂಡಿ ಒತ್ತಿ ನೋಡಿದೆವು, ಪ್ರೊಜೆಕ್ಟರಿನಲ್ಲೂ ಚಿತ್ರವಿಲ್ಲ" ಎಂಬ ಒಂದು ಸಾಲು ಸಾಕು. ಯಾರೂ ಅದನ್ನು ಸುಲಭವಾಗಿ ಬದಿಗೆ ಸರಿಸಲಾರರು. ಒಂದು ಪ್ರತಿಯಲ್ಲಿ ಸ್ವೀಕೃತಿಯ ಸಹಿ ಪಡೆದು ಇಟ್ಟುಕೊಳ್ಳಿ.

ಒಂದು ಆಕ್ಷೇಪ ಬರಬಹುದು: "ಯಂತ್ರದ ಮಾತೇ ಇಂಗ್ಲಿಷ್. ಅದನ್ನೇ ಕಲಿತರಾಯಿತು, ಕನ್ನಡದ ಹಾಳೆ ಏಕೆ?" ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ನೆಲದ ಭಾಷೆಯಾದ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಮಕ್ಕಳು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ "ಹೀಗಾದರೆ ಕಾರಣ ಇದು, ಆದ್ದರಿಂದ ಮುಂದೆ ಹೀಗೆ ನೋಡಬೇಕು" ಎಂಬ ವಿಚಾರದ ಕ್ರಮ ಮೊದಲು ಮೂಡುವುದು ಮಗು ಯೋಚಿಸುವ ಭಾಷೆಯಲ್ಲಿ. ಅದು ಮೂಡಿದ ಮೇಲೆ ಹತ್ತಿಪ್ಪತ್ತು ಇಂಗ್ಲಿಷ್ ಪದ ಕಲಿಯುವುದು ಒಂದು ವಾರದ ಕೆಲಸ. ಮೂಡದಿದ್ದರೆ ಪದ ಬಾಯಿಪಾಠವಾಗಿ ಉಳಿದೀತು, ಯಂತ್ರ ಕಪಾಟಿನ ಮೇಲೆ ಉಳಿದೀತು. ಇನ್ನೊಂದು ಮಾತು. ಇಂಥ ಸಣ್ಣ ಸೋಲುಗಳಿಂದಲೇ ಹೆತ್ತವರು "ಕನ್ನಡ ಮಾಧ್ಯಮದಲ್ಲಿ ಇದೆಲ್ಲ ಆಗದು" ಎಂದು ಮಗುವನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಸೋತದ್ದು ಚಾರ್ಜರಿನ ತಂತಿ. ದೋಷ ಹೊತ್ತದ್ದು ಭಾಷೆ. ಇದು ನ್ಯಾಯವೇ?

ಮುಂದಿನ ಸಭೆಯಲ್ಲಿ

ನಿಮ್ಮ ಶಾಲೆಯ ರಕ್ಷಕ ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಮೂರು ವಿಷಯ ಎತ್ತಿರಿ. ಒಂದು, ಮೇಲೆ ಹೇಳಿದ ಪರೀಕ್ಷೆಗಳ ಕನ್ನಡ ಹಾಳೆಯೊಂದು ಐಟಿ ಕೊಠಡಿಯ ಗೋಡೆಯ ಮೇಲೂ, ಯಂತ್ರವಿರುವ ಪ್ರತಿ ಮನೆಯಲ್ಲೂ ಇರಲಿ. ಎರಡು, ಯಾವ ಯಂತ್ರ ಎಂದು ಕೆಟ್ಟಿತು, ದೂರು ಎಂದು ಹೋಯಿತು, ಎಂದು ಸರಿಯಾಯಿತು ಎಂಬ ಒಂದು ಪುಸ್ತಕವನ್ನು ಶಾಲೆ ಕನ್ನಡದಲ್ಲಿ ಇಡಲಿ. ವರ್ಷದ ಕೊನೆಗೆ ಆ ಪುಸ್ತಕವೇ ನಮ್ಮ ಸಾಕ್ಷಿ. ಮೂರು, ಮಕ್ಕಳಿಗೆ ಯಂತ್ರದ ಆರೈಕೆ ಕಲಿಸುವ ತರಬೇತಿ ಎಲ್ಲೇ ನಡೆದರೂ ಕನ್ನಡ ಬಲ್ಲ ಒಬ್ಬ ತರಬೇತುದಾರರು ಬೇಕೆಂದು ಲಿಖಿತವಾಗಿ ಕೇಳಲಿ. ಕೇರಳದ ಪ್ರೌಢಶಾಲೆಗಳಲ್ಲಿ 'ಲಿಟಲ್ ಕೈಟ್ಸ್' ಎಂಬ ಐಟಿ ಕೂಟಗಳಿವೆ. ನಮ್ಮ ಮಕ್ಕಳು ಅವುಗಳಲ್ಲಿ ಸೇರಲಿ. ಸೇರಿ ಕಲಿತದ್ದನ್ನು ಊರಿನ ಮನೆಮನೆಗೆ ಕನ್ನಡದಲ್ಲಿ ತಲುಪಿಸಲಿ.

ಹೆತ್ತವರೇ, ಇವತ್ತು ಸಂಜೆ ಮನೆಗೆ ಹೋದಾಗ ಕಪಾಟಿನ ಮೇಲೆ ಒಮ್ಮೆ ಕಣ್ಣಾಡಿಸಿ. ಅಲ್ಲೊಂದು ಲ್ಯಾಪ್‌ಟಾಪ್ ಧೂಳು ಹಿಡಿದು ಕುಳಿತಿದ್ದರೆ ಇಳಿಸಿ. ಬ್ಯಾಟರಿ ಉಬ್ಬಿಲ್ಲವೆಂದು ಖಚಿತ ಮಾಡಿಕೊಂಡು ಮಗುವನ್ನು ಪಕ್ಕದಲ್ಲಿ ಕೂರಿಸಿ, ಚಾರ್ಜರ್ ಕಿತ್ತು, 30 ಎಣಿಸುವ ತನಕ ಗುಂಡಿ ಒತ್ತಿ ಹಿಡಿಯಿರಿ. ಅದು ಎದ್ದರೆ ಸಂತೋಷ. ಏಳದಿದ್ದರೆ ಒಂದು ಬಿಳಿ ಹಾಳೆ ತೆಗೆದುಕೊಂಡು ದೂರು ಬರೆಯಿರಿ, ಕನ್ನಡದಲ್ಲೇ. ಬರೆದದ್ದನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿ. ತನ್ನ ಭಾಷೆಯಲ್ಲಿ ದೋಷವನ್ನು ಹೇಳಬಹುದು, ನ್ಯಾಯವನ್ನು ಕೇಳಬಹುದು ಎಂಬುದು ಆ ಮಗುವಿಗೆ ಅಂದೇ ತಿಳಿಯಲಿ.